ಮಸಾರಿ

ಆರು ಟಿಪ್ಪರ್ ಮಣ್ಣು ಬಂತು ಬೆಳ್ಳಟ್ಟಿಯಿಂದ.
ತಮ್ಮ ಕೃಷಿ ಹೊಂಡ ತೋಡಿಸ್ತಿದ್ದ. ಫೋನಿನಾಗ ಹೇಳಿದ್ದೆ,
ಮ್ಯಾಲಿನ ಒಂದು ಮೊಳ ನನಗಿರಲಿ ಗುಡದಯ್ಯ,
ಕೆಳಗಿನ ಗರಸು ನಿನ್ನ ಒಡ್ಡಿಗೆ ಹಾಕ್ಕೊ.

ಮುಳಗುಂದದ ಎರಿಹೊಲದಾಗ
ಟಿಪ್ಪರ್ ಬೆನ್ನೆತ್ತಿ ಕೆಂಪು ಸುರಿದಾಗ
ಆಳುಮಕ್ಕಳು ಕೆಲಸ ಬಿಟ್ಟು ನಿಂತರು.
ಕರಿ ಕಂಬಳಿ ಮ್ಯಾಲ ಖಾರಪುಡಿ ಚೆಲ್ಲಿಧಂಗ.

ಅತ್ತಿ ಕಟ್ಟಿ ಮ್ಯಾಲ ಕುಂತಲ್ಲೇ ಅಂದ್ಲು,
"ಎರಿ ಇದ್ದಾಕಿ ಮಸಾರಿ ತರಿಸೂದಂದ್ರ
ಹಾಲಿದ್ದಾಕಿ ಮಜ್ಜಿಗಿ ಬೇಡಿಧಂಗ."

ಹೊಸ ಮಾತಲ್ಲ ಅದು.
ಇಪ್ಪತ್ತೆರಡು ವರ್ಷದ ಹಿಂದ
ಈ ಮನಿ ಹೊಸ್ತಿಲ ನಾ ದಾಟಿದ ದಿನ
ಹಿಮ್ಮಡದ ಸೀಳಿನಾಗಿನ ಕೆಂಪು ನೋಡಿ ಅಂದಿದ್ಲು:
ಮಸಾರಿ ಮಣ್ಣು ನೀರು ಹಿಡಿಯೂದಿಲ್ಲ,
ಮಸಾರಿ ಹೆಣ್ಣು ಮಾತು ಹಿಡಿಯೂದಿಲ್ಲ.

ಹಿಡಿದಿಲ್ಲ ಖರೆ.

ಹ್ವಾದ ವರ್ಷ ಪಾಲಿಹೌಸಿನಾಗ ಎರಿಯಾಗ ಹಚ್ಚಿದ್ದೆ ಸೌತಿ.
ಡ್ರಿಪ್ಪಿನ ನೀರು ಒಳಗ ಹೋಗಿ ಕುಂತದ್ದು
ಏಳಲಿಲ್ಲ, ಸಿಟ್ಟಿಗೆದ್ದ ಬೀಗತಿಯಂಗ.
ನಡುಮಧ್ಯಾಹ್ನ ಬಳ್ಳಿ ಬಾಡಿ,
ಸಂಜಿಗೆ ಚೇತರಿಸಿ,
ನಾಕನೇ ದಿನ ಸಂಜಿಗೂ ಬಾಡಿ ನಿಂತಿತ್ತು.
ಕಿತ್ತು ನೋಡಿದ್ರ ಬೇರಿನ ತುಂಬ ಗಂಟು.
"ಕಣ್ಣಿಗೆ ಕಾಣದ ಹುಳಾರಿ," ಅಂದ
ತೋಟಗಾರಿಕಿ ಆಫೀಸಿನ ಹುಡುಗ ಇಮಾಮಹುಸೇನ.
"ಕಾವು ಕೊಟ್ಟ ಕೊಲ್ಲಬೇಕು.
ಮತ್ತ ಸೌತಿಗೆ ಉಸಿರಾಡೂ ಮಣ್ಣು ಬೇಕರಿ.
ನೀರು ಬರಬೇಕು, ಮುಟ್ಟಬೇಕು, ಹೋಗಬೇಕು."
ನಾ ಅತ್ತಿ ಕಡೆ ತಿರುಗಿ ನೋಡಲಿಲ್ಲ.
ನೋಡಬೇಕಿತ್ತು, ಈಗ ಅನಿಸ್ತದ.

ಜರಡಿ ಹಿಡಿದ್ವಿ ಎರಡು ದಿನ.
ಬಾರಿಗಿಡದ ಮುಳ್ಳು, ಶೇಂಗಾದ ಕಪ್ಪಾದ ಸಿಪ್ಪಿ,
ಯಾವ ಎತ್ತಿನದೋ ಲಾಳದ ಮೊಳಿ,
ಬಿಳೇ ಬೆಣಚುಕಲ್ಲು, ಬುಟ್ಟಿಗಟ್ಟಲೆ.
ಒಂದನ್ನ ಸೆರಗಿಗೆ ಒರಸಿ
ಯಾರೂ ನೋಡಧಂಗ ಬಾಯಾಗ ಹಾಕ್ಕೊಂಡೆ.
ಸಣ್ಣೋರಿದ್ದಾಗ ಶೇಂಗಾ ಹರಿಯೂ ಹೊಲದಾಗ
ನೀರಡಿಕಿ ಆದರ ಹಿಂಗ ಮಾಡ್ತಿದ್ವಿ.
ಜೊಲ್ಲು ಬರ್ತದ, ಗಂಟಲ ನಂಬ್ತದ.

ಗಂಗಾವತಿ ಮಿಲ್ಲಿನ ಭತ್ತದ ಹೊಟ್ಟು,
ಎರಡು ಮಳೆಗಾಲ ಕಂಡ ತಿಪ್ಪಿಗೊಬ್ಬರ,
ಮೂರನೂ ಸಲಿಕಿಲೆ ಮಗಚಿ ಮಗಚಿ
ಮಡಿ ಮಾಡಿ, ತೋಯಿಸಿ,
ತಿಳಿ ಪ್ಲಾಸ್ಟಿಕ್ ಹಾಸಿ ಅಂಚು ಒತ್ತಿ
ಏಪ್ರಿಲ್ ಬಿಸಿಲಿಗೆ ಬಿಟ್ಟಿವಿ ಆರು ವಾರ.
ಒಳಗ ಹನಿ ಕಟ್ಟೂದು, ಉದುರೂದು.
ತನ್ನ ಬೆವರು ತಾನೇ ಕುಡಿದ ಮಣ್ಣು.
ಅಂಗೈ ಇಟ್ಟರ ರೊಟ್ಟಿ ಹಂಚು.

ಆರಿದ ಮ್ಯಾಲ ಬೇವಿನ ಹಿಂಡಿ,
ಹಿಂದಿಂದ ಬೆಲ್ಲದ ನೀರಿನಾಗ ಕಲಸಿದ ಹಸರು ಪುಡಿ.
"ಒಳ್ಳೇ ಬೂಸ್ಟರಿ ಇದು," ಅಂದ ಇಮಾಮಹುಸೇನ.
"ಬೂಸ್ಟಿಗೂ ಬೆಲ್ಲ ಬೇಕೇನೋ?" ಅತ್ತಿ.
"ಗಂಡು ಹೂ ಬ್ಯಾಡವ್ವ ಈ ತಳಿಗೆ, ಹಂಗ ಕಾಯಿ ಹಿಡೀತದ,"
ಅಂತ ಅವ ಹೇಳಿದಾಗ ಮಾತ್ರ
ಬಾಯಾಗಿನ ಎಲಿಯಡಿಕಿ ಉಗುಳಿ
ಬಾಳೊತ್ತು ನಕ್ಕಳು.

ಮಲ್ಚಿಂಗ್ ಹಾಳಿ ಹಾಸೂ ಮುಂಜಾನಿ
ಮೊದಲ ಸಲ ಬಂದ್ಲು ಪಾಲಿಹೌಸಿಗೆ.
ಬಾಗಲದಾಗ ಚಪ್ಪಲಿ ಬಿಟ್ಟು,
ಮಡಿಯೊಳಗ ಕೈ ತುರುಕಿದ್ಲು.
ಮೊಣಕೈ ತನಕ ಹೋತು.
ಹಂಗ ಒಂದು ಗಳಿಗಿ ಇದ್ಲು,
ಆಕಳ ಈಯೂ ಹೊತ್ತಿನಾಗ ಕರು ಹುಡುಕೂರಂಗ.
ಏನೂ ಅನಲಿಲ್ಲ.

ಆಮ್ಯಾಲ ಉಡಿಯೊಳಗಿಂದ ಒಂದು ಎರಿ ಹೆಂಟಿ ತಗದು
ಹಿಸುಕಿ ಪುಡಿ ಮಾಡಾಕ ಹತ್ತಿದ್ಲು.
ನಾ ಓಡಿಹೋಗಿ ಕೈ ಹಿಡಿದೆ:
"ಬ್ಯಾಡತ್ತಿ, ಹುಳಾ ಇರ್ತಾವ ಅದರಾಗ."

"ಗೊತ್ತದ," ಅಂದ್ಲು, ಕೈ ಬಿಡಿಸಿಕೊಂಡು.
"ಹುರದ ತಂದೀನಿ."

ಮುಂಜಾನಿ ರೊಟ್ಟಿಯಾಗ
ಹಲ್ಲಿಗೆ ಕರಕರ ಅಂದದ್ದು ಏನಂತ
ನನಗ ಆವಾಗ ತಿಳೀತು.